ಯೇವಲೆಯ ಅತ್ತೆ

ನಮ್ಮ ಮಾಸಿಕದಲ್ಲಿ ಸಿನಿಮಾದವರ ವಿಷಯ ಬಂದರೆ ಹುಬ್ಬು ಗಂಟಿಕ್ಕುವ ಹಿರಿಯ ಸದಸ್ಯರು ಕೆಲವರಿದ್ದಾರೆ. ಅವರ ಕ್ಷಮೆ ಕೋರಿಯೇ ಆರಂಭಿಸುತ್ತೇನೆ. ಇದು ತಾರೆಯರ ವಿಷಯವಲ್ಲ. ಯಾರ ಭಾವಚಿತ್ರವನ್ನು ಯಾವ ಕಾಲೇಜು ಹುಡುಗನೂ ಪುಸ್ತಕದ ನಡುವೆ ಬಚ್ಚಿಡಲಿಲ್ಲವೋ, ಯಾರು ತೆರೆಯ ಮೇಲೆ ಕಾಣಿಸಿದೊಡನೆ ಹೆಂಗಸರ ಸಾಲಿನಿಂದ 'ಬಂದ್ಲವ್ವಾ ಹೆಮ್ಮಾರಿ' ಎಂಬ ಉದ್ಗಾರ ಹೊರಡುತ್ತಿತ್ತೋ, ಆದರೂ ಯಾರನ್ನು ನಾವೆಲ್ಲ ಮನೆಯವಳೇ ಎಂಬಂತೆ ನೆನೆಯುತ್ತೇವೆಯೋ ಅಂಥ ಒಬ್ಬ ಪೋಷಕ ನಟಿಯ ವಿಷಯ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಎರಡು ತಿಂಗಳು ನಾನು ಸಟಾಣಾದಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯಂದಿರಿಗೆ ಅಲ್ಲಿ ಬ್ಯಾಂಕಿನ ಕೆಲಸ. ಸಟಾಣಾ ಎಂದರೆ ನಾಸಿಕ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಮುಖ್ಯ ಊರು. ಸುತ್ತಲೂ ಈರುಳ್ಳಿ ಹೊಲ, ದಾಳಿಂಬೆ ತೋಟ. ಊರಿನವರು ಪೂಜಿಸುವ ದೇವರು ಒಬ್ಬ ಮಾಮಲೇದಾರ! ಹತ್ತೊಂಬತ್ತನೆಯ ಶತಮಾನದಲ್ಲಿ ಬರಗಾಲ ಬಿದ್ದಾಗ ಸರಕಾರದ ಖಜಾನೆಯನ್ನೇ ಬಡವರಿಗೆ ತೆರೆದಿಟ್ಟ ಯಶವಂತರಾವ್ ಎಂಬ ಅಧಿಕಾರಿಯನ್ನು ಜನ 'ದೇವಮಾಮಲೇದಾರ' ಎಂದು ಕರೆದು ಗುಡಿ ಕಟ್ಟಿದ್ದಾರೆ. ಮಂಗಳವೇಢೆಯ ದಾಮಾಜಿಪಂತರ ಕಥೆ ಕೇಳಿ ಬೆಳೆದ ನಮ್ಮ ವಿಜಾಪುರ, ಸೊಲ್ಲಾಪುರದ ಕಡೆಯವರಿಗೆ ಇದು ಹೊಸದೆನಿಸದು.

ಅಲ್ಲಿ ಒಂದು ಸಂಜೆ ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಹಳೆಯ 'ರಾಮಾಯಣ' ಧಾರಾವಾಹಿಯನ್ನು ನೋಡುತ್ತ ಕುಳಿತಿದ್ದಳು. ಕೈಕೇಯಿಯ ಕಿವಿಯಲ್ಲಿ ಮಂಥರೆ ವಿಷ ತುಂಬುವ ಭಾಗ. ಹುಡುಗಿ ಇದ್ದಕ್ಕಿದ್ದಂತೆ ತಿರುಗಿ, "ಅಜ್ಜಾ, ಈ ಮಂಥರೀ ಎಡಗಣ್ಣು ಯಾಕ ಹಂಗದ? ಮೇಕಪ್ ಏನು?" ಎಂದಳು. ನನಗೆ ಉತ್ತರ ಗೊತ್ತಿತ್ತು. ನನ್ನ ವಯಸ್ಸಿನ ಯಾರಿಗಾದರೂ ಗೊತ್ತಿರುತ್ತದೆ. ಚಿತ್ರೀಕರಣದಲ್ಲಿ ಒಬ್ಬ ನಟ ಹೊಡೆದ ಏಟು ಬಲವಾಗಿ ಬಿದ್ದು ಮುಖಕ್ಕೆ ಪಾರ್ಶ್ವವಾಯು ಹೊಡೆದ ಕಥೆಯನ್ನು ಹೇಳಿದೆ. ಅವಳು "ಅಯ್ಯ, ಪಾಪ" ಎಂದಳು. ಆಮೇಲೆ, "ಅದಕ್ಕ ಮೊದಲು ಆಕಿ ಏನು ಮಾಡ್ತಿದ್ದಳು?" ಎಂದು ಕೇಳಿದಳು.

ನಾನು ಬಾಯಿ ತೆರೆದು ಹಾಗೇ ಮುಚ್ಚಿದೆ. ಐವತ್ತು ವರ್ಷಕ್ಕೂ ಮಿಕ್ಕಿ ನೋಡಿದ ಮುಖ. ನನಗೆ ತಿಳಿದಿದ್ದದ್ದು ಒಂದು ಏಟಿನ ಕಥೆ ಮಾತ್ರ. ಎಪ್ಪತ್ತು ವರ್ಷ ದುಡಿದ ಒಬ್ಬ ಹೆಂಗಸಿನ ಬಾಳನ್ನು ಬೇರೆ ಯಾರೋ ಹೊಡೆದ ಒಂದು ಏಟಿನಿಂದಲೇ ನೆನೆಯುವುದು ನ್ಯಾಯವೇ? ಅದನ್ನು ಸರಿಪಡಿಸಲೆಂದು ಆಮೇಲೆ ಒಂದಿಷ್ಟು ಓದಿದೆ, ಒಂದಿಷ್ಟು ಚಿತ್ರಗಳನ್ನು ಮತ್ತೆ ನೋಡಿದೆ. ಅದರ ಫಲ ಈ ಬರಹ.

ಲಲಿತಾ ಪವಾರ್ ಹುಟ್ಟಿದ್ದು 1916ರ ಏಪ್ರಿಲ್ 18ರಂದು, ಯೇವಲಾ ಊರಿನಲ್ಲಿ. ಅದೂ ನಾಸಿಕ ಜಿಲ್ಲೆಯದೇ. ಸಟಾಣಾದಿಂದ ದೇವಳಾ, ಚಾಂದವಡ, ಮನಮಾಡ ದಾಟಿ ಹೋದರೆ ಸಿಗುವ ಊರು. ಪೈಠಣಿ ಸೀರೆ ನೇಯುವ ಊರೆಂದು ಅದು ಪ್ರಸಿದ್ಧ. ನಮ್ಮ ಇಳಕಲ್ಲಿಗೆ, ಮೊಳಕಾಲ್ಮುರುವಿಗೆ ಹೋದವರಿಗೆ ಆ ಓಣಿಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಗ್ಗದ ಸದ್ದು ಎಲ್ಲ ಕಡೆಯೂ ಒಂದೇ. 1935ರಲ್ಲಿ ಡಾ. ಅಂಬೇಡ್ಕರ್ ಅವರು ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಘೋಷಿಸಿದ್ದೂ ಇದೇ ಊರಿನಲ್ಲಿ. ಲಲಿತಾರ ಮೊದಲ ಹೆಸರು ಅಂಬಾ. ತಂದೆ ರೇಷ್ಮೆ ಮತ್ತು ಹತ್ತಿಬಟ್ಟೆಯ ವ್ಯಾಪಾರಿ, ಅನುಕೂಲಸ್ಥರು.

ಸೀರೆಯ ನೆಪ ಮಾಡಿಕೊಂಡು ಮಗಳೊಡನೆ ನಾನೂ ಯೇವಲೆಗೆ ಹೋಗಿದ್ದೆ. ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತಿದ್ದ ವೃದ್ಧರಿಗೆ ನನ್ನ ಹರಕುಮುರುಕು ಮರಾಠಿಯಲ್ಲಿ ಲಲಿತಾ ಪವಾರರ ಹೆಸರು ಹೇಳಿದೆ. ಅವರು ಮಾತಾಡಲಿಲ್ಲ. ಎಡಗಣ್ಣನ್ನು ಕಿರಿದು ಮಾಡಿ, ತುಟಿ ಓರೆ ಮಾಡಿ, ಕುತ್ತಿಗೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ನನ್ನನ್ನು ನೋಡಿದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ಅಣಕದಲ್ಲಿ ತಿರಸ್ಕಾರ ಒಂದಿಷ್ಟೂ ಇರಲಿಲ್ಲ. ತೀರಿಹೋದ ಸೋದರತ್ತೆಯ ನಡಿಗೆಯನ್ನು ಹಬ್ಬದ ದಿನ ಮಕ್ಕಳೆದುರು ಅಭಿನಯಿಸಿ ತೋರಿಸುವವರ ಮುಖದಲ್ಲಿರುವಂಥ ಕಳೆ ಅದು.

ಈ ಜಿಲ್ಲೆಗೂ ಸಿನಿಮಾಕ್ಕೂ ಇರುವ ನಂಟು ದೊಡ್ಡದು. ದಾದಾಸಾಹೇಬ ಫಾಲ್ಕೆ ಹುಟ್ಟಿದ್ದು 1870ರಲ್ಲಿ, ಇದೇ ಜಿಲ್ಲೆಯ ತ್ರ್ಯಂಬಕದಲ್ಲಿ. 1913ರ ಅವರ 'ರಾಜಾ ಹರಿಶ್ಚಂದ್ರ'ದಲ್ಲಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪದೆ ಸಾಳುಂಕೆ ಎಂಬ ಅಡುಗೆಯವನು ಸೀರೆ ಉಟ್ಟ ಕಥೆ ಎಲ್ಲರಿಗೂ ಗೊತ್ತು. ಆದರೆ ಅದೇ ವರ್ಷ ಫಾಲ್ಕೆ ತಮ್ಮ ಕಾರ್ಯಾಲಯವನ್ನು ನಾಸಿಕಕ್ಕೆ ಸಾಗಿಸಿ ಅಲ್ಲಿ ತೆಗೆದ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಇಬ್ಬರೂ ಅಭಿನಯಿಸಿದರು. ಭಾರತೀಯ ಚಿತ್ರದಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದದ್ದು ಹೀಗೆ. ಅಂಬಾ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, ಅವಳದೇ ಜಿಲ್ಲೆಯಲ್ಲಿ! ಕನ್ನಡದವರಾದ ನಾವೂ ಈ ನೆಲಕ್ಕೆ ಋಣಿಗಳೇ. ನಮ್ಮ ಮೊದಲ ವಾಕ್ಚಿತ್ರ 'ಸತೀ ಸುಲೋಚನಾ' ತೆರೆ ಕಂಡದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ.

ಮೊಮ್ಮಗಳ ಪ್ರಶ್ನೆಗೆ ಬರೋಣ. ಏಟಿಗೆ ಮೊದಲು ಆಕೆ ಏನಾಗಿದ್ದರು? ನಾಯಕಿಯಾಗಿದ್ದರು! ಮೂಕಚಿತ್ರಗಳ ಕಾಲದಲ್ಲೇ ಹುಡುಗಿಯಾಗಿ ಪುಣೆಯ ಸ್ಟುಡಿಯೋಗಳನ್ನು ಸೇರಿ, ಇಪ್ಪತ್ತು ತುಂಬುವ ಮೊದಲೇ ನಾಯಕಿ ಎನಿಸಿಕೊಂಡಿದ್ದರು. 1932ರ 'ಕೈಲಾಸ' ಎಂಬ ಮೂಕಚಿತ್ರದಲ್ಲಿ ಮೂರು ಪಾತ್ರಗಳನ್ನು ಒಬ್ಬರೇ ವಹಿಸಿದ್ದಲ್ಲದೆ ಅದರ ನಿರ್ಮಾಣದಲ್ಲೂ ಪಾಲುಗೊಂಡಿದ್ದರು. ಆಗ ವಯಸ್ಸು ಹದಿನಾರು. 1937ರಲ್ಲಿ 'ದುನಿಯಾ ಕ್ಯಾ ಹೈ' ಎಂಬ ಚಿತ್ರವನ್ನು ತಾವೇ ನಿರ್ಮಿಸಿದರು. ಅದಕ್ಕೆ ಆಧಾರ ಟಾಲ್‌ಸ್ಟಾಯ್ ಅವರ 'ರಿಸರೆಕ್ಷನ್' ಕಾದಂಬರಿ. ಮಾತು ಬಂದ ಮೇಲಿನ ಚಿತ್ರಗಳಲ್ಲಿ ಹಾಡಿದ್ದೂ ಉಂಟು. ಯೇವಲೆಯ ಬಟ್ಟೆ ವ್ಯಾಪಾರಿಯ ಮಗಳು ಇಪ್ಪತ್ತೊಂದರ ವಯಸ್ಸಿನಲ್ಲಿ ಟಾಲ್‌ಸ್ಟಾಯ್ ಅವರ ಕಥೆಯನ್ನು ತೆರೆಗೆ ತರಲು ಹೊರಡುತ್ತಾಳೆ ಎಂದರೆ ಅದು ಬರೀ ಅಲಂಕಾರದ ಗೊಂಬೆಯ ಲಕ್ಷಣವಲ್ಲ. ಇದನ್ನು ಹೇಳಿದಾಗ ಮೊಮ್ಮಗಳು ನಂಬಲಿಲ್ಲ. "ಮಂಥರೀನಾ?" ಎಂದಳು.

ಇನ್ನು ಏಟು. 1942ರಲ್ಲಿ 'ಜಂಗ್-ಎ-ಆಜಾದಿ' ಎಂಬ ಚಿತ್ರದ ದೃಶ್ಯವೊಂದರಲ್ಲಿ ಭಗವಾನ್ ಅವರು ಆಕೆಯ ಕೆನ್ನೆಗೆ ಹೊಡೆಯಬೇಕಾಗಿತ್ತು. ಮುಂದೆ 'ಅಲಬೇಲಾ'ದ ನೃತ್ಯಗಳಿಂದ ಮನೆಮಾತಾದ ಭಗವಾನ್ ದಾದಾ ಅವರೇ ಇವರು. ಕೈ ಬಲವಾಗಿ ಬಿತ್ತು. ಎಡಗಣ್ಣಿನ ನರ ಒಡೆದು, ಮುಖದ ಒಂದು ಪಕ್ಕಕ್ಕೆ ಪಾರ್ಶ್ವವಾಯುವಾಯಿತು. ಚಿಕಿತ್ಸೆ ಸುಮಾರು ಮೂರು ವರ್ಷ ನಡೆಯಿತೆಂದು ಹೇಳುತ್ತಾರೆ. ಕಣ್ಣು ಮಾತ್ರ ಮೊದಲಿನಂತಾಗಲಿಲ್ಲ. ನಾಯಕಿಯ ಪಾತ್ರಗಳು ಅಲ್ಲಿಗೆ ನಿಂತವು, ದುಷ್ಟ ಅತ್ತೆಯ ಪಾತ್ರಗಳು ಆರಂಭವಾದವು. ಎಲ್ಲರೂ ಹೇಳುವ ಕಥೆ ಇದು.

ಕಥೆ ಸುಳ್ಳಲ್ಲ. ಆದರೆ ಇದು ತೀರ ಅಚ್ಚುಕಟ್ಟಾಗಿದೆ ಎಂಬುದೇ ನನ್ನ ತಕರಾರು. ಏಟಿನ ಹೊತ್ತಿಗೆ ಆಕೆಗೆ ಇಪ್ಪತ್ತಾರು ವರ್ಷ. ಆ ಕಾಲದ ಚಿತ್ರರಂಗದಲ್ಲಿ ಮೂವತ್ತು ದಾಟಿದ ನಾಯಕಿಗೆ ಕಣ್ಣು ಎಷ್ಟೇ ಚೆನ್ನಾಗಿದ್ದರೂ ತಾಯಿಯ ಪಾತ್ರ ಕಾದುಕೊಂಡೇ ಇರುತ್ತಿತ್ತು. ಇನ್ನೊಂದು ವಿಷಯವನ್ನೂ ಗಮನಿಸಬೇಕು. 1944ರಲ್ಲೇ ಪ್ರಭಾತ್ ಕಂಪನಿಯ 'ರಾಮಶಾಸ್ತ್ರೀ' ಚಿತ್ರದಲ್ಲಿ ಆಕೆ ಆನಂದೀಬಾಯಿಯಾಗಿ ಕಾಣಿಸಿಕೊಂಡರು. ಪೇಶವೆ ನಾರಾಯಣರಾವ್ 1773ರಲ್ಲಿ ಕೊಲೆಯಾದ ಕಥೆ ಮಹಾರಾಷ್ಟ್ರದಲ್ಲಿ ಓದಿದ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. 'ಹಿಡಿಯಿರಿ' ಎಂದು ಬರೆದಿದ್ದ ಪತ್ರದಲ್ಲಿ ಒಂದೇ ಅಕ್ಷರ ತಿದ್ದಿ 'ಕೊಲ್ಲಿರಿ' ಎಂದು ಮಾಡಿದಳೆಂದು ಐತಿಹ್ಯ ಆನಂದೀಬಾಯಿಯ ಮೇಲೆ ಹೊರಿಸುತ್ತದೆ. 'ಧ'ಕಾರ 'ಮ'ಕಾರವಾದ ಕಥೆ! ಆ ಹೆಂಗಸನ್ನು ಬರೀ ರಾಕ್ಷಸಿಯಾಗಿ ಅಲ್ಲ, ಬುದ್ಧಿವಂತೆಯಾದ ಅಪಾಯಕಾರಿಯಾಗಿ ತೋರಿಸಬಲ್ಲ ನಟಿ ಬೇಕಾಗಿತ್ತು. ಪ್ರಭಾತದಂಥ ಸಂಸ್ಥೆ ಈಕೆಯನ್ನು ಆರಿಸಿದ್ದು ಕಣ್ಣಿನ ಮೇಲಿನ ಕರುಣೆಯಿಂದಲ್ಲ. ಏಟು ಮುಖವನ್ನು ಬದಲಿಸಿತು, ನಿಜ. ಆ ಮುಖದಿಂದ ಏನು ಮಾಡಬಹುದೆಂದು ಕಂಡುಕೊಂಡದ್ದು ಆಕೆ.

ಹಳೆಯ ಚಿತ್ರಗಳನ್ನು ಮತ್ತೆ ನೋಡುವಾಗ ಒಂದು ಸಂಗತಿ ಗಮನಕ್ಕೆ ಬಂತು. ಆ ಕಣ್ಣನ್ನು ಆಕೆ ಮರೆಮಾಚಲು ಯತ್ನಿಸುವುದೇ ಇಲ್ಲ. ಎದುರಿನವರ ಮಾತು ಮುಗಿಯುವ ತನಕ ಸುಮ್ಮನಿದ್ದು, ಕತ್ತು ತುಸು ವಾಲಿಸಿ, ಒಳ್ಳೆಯ ಕಣ್ಣಿನಿಂದ ಅಳೆಯುತ್ತಾರೆ. ಆಗ ಕುಗ್ಗಿದ ಕಣ್ಣು ಏನನ್ನೋ ಲೆಕ್ಕ ಹಾಕುತ್ತಿರುವಂತೆ ಕಾಣುತ್ತದೆ. ಸೊಸೆಯಾದವಳಿಗೆ ಬೆವರು ಬರಲು ಇಷ್ಟು ಸಾಕು. ಮಾತು ಆಮೇಲೆ ಬರುತ್ತದೆ, ಅದೂ ಮೆಲ್ಲಗೆ. ಕಿರುಚುವ ಅತ್ತೆಯರು ಚಿತ್ರಗಳಲ್ಲಿ ಬೇಕಾದಷ್ಟು ಮಂದಿ ಬಂದರು, ಹೋದರು. ಮೆಲುದನಿಯಲ್ಲಿ ಹೆದರಿಸಬಲ್ಲವಳು ಈಕೆ ಒಬ್ಬಳೇ.

1950ರಲ್ಲಿ ವಿ. ಶಾಂತಾರಾಮರ 'ದಹೇಜ್' ಬಂತು. ವರದಕ್ಷಿಣೆಗಾಗಿ ಸೊಸೆಯನ್ನು ಹಿಂಡುವ ಅತ್ತೆ. ಸೊಸೆ ಕೊನೆಗೆ ಸಾಯುತ್ತಾಳೆ. ಆ ಚಿತ್ರದಿಂದಲೇ ಇರಬೇಕು, ಆಕೆಯ ಹೆಸರು ನಾಮವಾಚಕವಾಗಿದ್ದು ಗುಣವಾಚಕವಾಯಿತು. ನಮ್ಮ ಮನೆಗಳಲ್ಲಿಯೂ ಹುಡುಗಿ ನೋಡಲು ಬಂದವರಲ್ಲಿ ಗಂಡಿನ ತಾಯಿ ಸ್ವಲ್ಪ ಬಿಗಿಯಾಗಿ ಕಂಡರೆ, ಅವರು ಮೆಟ್ಟಿಲಿಳಿದು ಹೋದ ಮೇಲೆ ಹೆಂಗಸರು ಪರಸ್ಪರ ಮುಖ ನೋಡಿಕೊಂಡು, "ಲಲಿತಾ ಪವಾರ್ ಇದ್ದಂಗ ಇದ್ದಾಳ ನೋಡವ್ವ" ಎನ್ನುವುದನ್ನು ನಾನೇ ಕೇಳಿದ್ದೇನೆ. ಅಷ್ಟು ಹೇಳಿದರೆ ಸಂಬಂಧ ಮುರಿಯಲು ಬೇರೆ ಕಾರಣ ಬೇಕಾಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಅಳುವ ತಾಯಿಯೂ ಒಬ್ಬಳಿದ್ದಳು. ಅವಳು ನಮ್ಮೂರಿನವಳು! ಲೀಲಾ ಚಿಟ್ಣೀಸ್ ಹುಟ್ಟಿದ್ದು 1909ರಲ್ಲಿ ಧಾರವಾಡದಲ್ಲಿ. 'ಕಂಗನ್', 'ಬಂಧನ್', 'ಝೂಲಾ' ಚಿತ್ರಗಳಲ್ಲಿ ಅಶೋಕಕುಮಾರರ ನಾಯಕಿಯಾಗಿದ್ದು, ಆಮೇಲೆ 'ಆವಾರಾ'ದಿಂದ 'ಗೈಡ್' ವರೆಗೆ ಎಷ್ಟೋ ನಾಯಕರನ್ನು ಹೊಟ್ಟೆಗೆ ಹಾಕಿಕೊಂಡು ಅತ್ತವರು. ಹೀಗೆ ನೋಡಿದರೆ ಆಗಿನ ಹಿಂದಿ ಚಿತ್ರದ ಮನೆಯೊಳಗೆ ಧಾರವಾಡದವಳು ಅಳುತ್ತಿದ್ದಳು, ಯೇವಲೆಯವಳು ಅಳಿಸುತ್ತಿದ್ದಳು. ಇಬ್ಬರಲ್ಲಿ ಜನರಿಗೆ ಹೆಚ್ಚು ನೆನಪುಳಿದದ್ದು ಅಳಿಸಿದವಳು. ಇದು ಧಾರವಾಡದ ಕಡೆಯವನಾದ ನನಗೆ ತುಸು ನೋವಿನ ಸಂಗತಿಯೇ. ಆದರೂ ನಿಜ.

ಕನ್ನಡಿಗರಿಗೆ ಈಕೆಯೊಡನಿರುವ ಇನ್ನೊಂದು ನಂಟು 1955ರ 'ಮಿಸ್ಟರ್ ಅಂಡ್ ಮಿಸೆಸ್ 55'. ನಿರ್ದೇಶಕ ಗುರುದತ್ತರು ಹುಟ್ಟಿದ್ದು ಬೆಂಗಳೂರಿನಲ್ಲಿ. ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಮೈಸೂರಿನವರು, ಛಾಯಾಗ್ರಾಹಕರಲ್ಲಿ ಮೊಟ್ಟಮೊದಲಿಗೆ ಫಾಲ್ಕೆ ಪ್ರಶಸ್ತಿ ಪಡೆದವರು. ತ್ರ್ಯಂಬಕದ ಫಾಲ್ಕೆಯವರ ಹೆಸರಿನ ಪ್ರಶಸ್ತಿಯನ್ನು ಪಡೆದ ಮೈಸೂರಿನವರು ಯೇವಲೆಯ ಮುಖಕ್ಕೆ ಬೆಳಕು ಹಾಕಿದ ಚಿತ್ರ ಎಂದು ನಾನು ಮೊಮ್ಮಗಳಿಗೆ ವರ್ಣಿಸಿದೆ. ಅದರಲ್ಲಿ ಲಲಿತಾ ಪವಾರರದು ಸೀತಾದೇವಿ ಎಂಬ ಅತ್ತೆಯ ಪಾತ್ರ. ಗಂಡಸರನ್ನು ಕಂಡರಾಗದವಳು, ವಿಚ್ಛೇದನದ ಕಾನೂನು ಬರಲೇಬೇಕೆಂದು ಭಾಷಣ ಮಾಡುವವಳು. ಆಸ್ತಿಗಾಗಿ ಅಣ್ಣನ ಮಗಳಿಗೆ ಒಬ್ಬ ನಿರುದ್ಯೋಗಿ ವ್ಯಂಗ್ಯಚಿತ್ರಕಾರನೊಡನೆ ತೋರಿಕೆಯ ಮದುವೆ ಮಾಡಿಸಿ ಆಮೇಲೆ ಬಿಡಿಸುವ ಹಂಚಿಕೆ ಹಾಕುವವಳು. ಚಿತ್ರ ಅವಳನ್ನು ನಗೆಪಾಟಲು ಮಾಡುತ್ತದೆ. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಈಗ ಸಟಾಣಾದಲ್ಲಿ ಮತ್ತೆ ನೋಡಿದಾಗ ನನ್ನ ಮಗಳು ನಗಲಿಲ್ಲ. "ಅಪ್ಪಾ, ಕಾನೂನಿನ ವಿಷಯದಾಗ ಆ ಅತ್ತಿ ಹೇಳೋದು ಖರೇನ ಅದ ಅಲ್ಲ?" ಎಂದಳು. ವಿಚ್ಛೇದನಕ್ಕೆ ಅವಕಾಶವಿತ್ತ ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದದ್ದು ಅದೇ 1955ರಲ್ಲಿ. ಚಿತ್ರದ ಬರವಣಿಗೆ ಅವಳನ್ನು ಮೂದಲಿಸುತ್ತಿದ್ದರೂ ಲಲಿತಾ ಪವಾರ್ ಮಾತ್ರ ಆ ಸೀತಾದೇವಿಯನ್ನು ಮೂದಲಿಸಿಲ್ಲ. ತನ್ನ ಮಾತಿನಲ್ಲಿ ಪೂರ್ಣ ನಂಬಿಕೆಯಿರುವ ಹೆಂಗಸಾಗಿಯೇ ಅಭಿನಯಿಸಿದ್ದಾರೆ. ಎಪ್ಪತ್ತು ವರ್ಷದ ಮೇಲೆ ನನ್ನ ಮಗಳಿಗೆ ಅವಳ ಪಕ್ಷ ವಹಿಸಲು ಸಾಧ್ಯವಾದದ್ದು ಅದರಿಂದಲೇ.

ಹಾಸ್ಯ ಆಕೆಗೆ ಎಷ್ಟು ಸಹಜವೆಂದು ತಿಳಿಯಬೇಕಾದರೆ 1961ರ 'ಜಂಗಲೀ', 1962ರ 'ಪ್ರೊಫೆಸರ್' ನೋಡಬೇಕು. ಮೊದಲನೆಯದರಲ್ಲಿ ಮನೆಯೊಳಗೆ ನಗುವುದನ್ನೇ ನಿಷೇಧಿಸಿದ ತಾಯಿ. ಎರಡನೆಯದರಲ್ಲಿ ಹುಡುಗಿಯರನ್ನು ಕಟ್ಟುನಿಟ್ಟಾಗಿ ಕಾಯುವ ಯಜಮಾನಿತಿ, ಮುದುಕ ಪ್ರೊಫೆಸರನ ವೇಷದಲ್ಲಿ ಬಂದ ಶಮ್ಮೀ ಕಪೂರರನ್ನು ನಿಜವಾದ ಮುದುಕನೆಂದೇ ತಿಳಿದು ಮನಸೋಲುತ್ತಾಳೆ. ಆ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಂತು ಅಲಂಕರಿಸಿಕೊಳ್ಳುವ ಹೆಂಗಸನ್ನು ತೋರಿಸಿ ನಗಿಸುವುದು ಸುಲಭ. ನಗಿಸುತ್ತಲೇ ಅಯ್ಯೋ ಎನ್ನಿಸುವುದು ಕಷ್ಟ. ಲೆಕ್ಕ ಹಾಕಿ ನೋಡಿದರೆ ಆಗ ಆಕೆಗೆ ಇನ್ನೂ ನಲವತ್ತಾರು. ಶಮ್ಮೀ ಕಪೂರ್ ಆಕೆಗಿಂತ ಹದಿನೈದು ವರ್ಷ ಚಿಕ್ಕವರು. ಆಕೆಯನ್ನು ತಾಯಿಯೆಂದು ಕರೆದ ರಾಜ್ ಕಪೂರ್ ಎಂಟು ವರ್ಷ, 'ಹಮ್ ದೋನೋ'ದ ದೇವ್ ಆನಂದ್ ಏಳೇ ವರ್ಷ ಚಿಕ್ಕವರು! ನಮ್ಮ ಚಿತ್ರರಂಗ ಗಂಡಸಿಗೆ ಒಂದು ಪಂಚಾಂಗ, ಹೆಂಗಸಿಗೆ ಇನ್ನೊಂದು ಪಂಚಾಂಗ ಇಟ್ಟುಕೊಂಡಿದೆ.

ಈಗ ನನ್ನ ಸ್ವಂತ ಋಣದ ವಿಷಯ ಹೇಳಿಬಿಡುತ್ತೇನೆ.

ನಾನು ಮುಂಬಯಿಗೆ ಬಂದದ್ದು 1967ರಲ್ಲಿ. ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದು 1971ರಲ್ಲಿ. ಮಾಹೀಮಿನಲ್ಲಿ ಒಂದು ಹಳೆಯ ಮನೆಯ ಹಿಂಭಾಗದ ಕೋಣೆ. ಮನೆಯೊಡತಿ ಕ್ರೈಸ್ತ ವಿಧವೆ, ಮೂಲತಃ ಮಂಗಳೂರಿನ ಕಡೆಯವರು, ಆದರೆ ಕನ್ನಡ ಮರೆತುಬಿಟ್ಟಿದ್ದರು. ಹಾವೇರಿಯ ಕಡೆಯಿಂದ ಬಂದ ನನ್ನವಳಿಗೆ ಕನ್ನಡ ಬಿಟ್ಟು ಬೇರೆ ಬಾರದು. ನಲ್ಲಿ ನೀರು ಬರುವುದು ಬೆಳಗಿನ ಜಾವ ಒಂದು ಗಂಟೆ ಮಾತ್ರ. ಬಕೆಟ್ ತುಂಬಿ ಚೆಲ್ಲಿದರೆ ಬೈಗುಳ, ಬಾಗಿಲು ಗಟ್ಟಿಯಾಗಿ ಹಾಕಿದರೆ ಬೈಗುಳ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಬೈಗುಳ. ಭಾಷೆ ತಿಳಿಯದಿದ್ದುದರಿಂದ ನನ್ನವಳು ಮೊದಲ ತಿಂಗಳು ಅಷ್ಟಾಗಿ ಅಳಲಿಲ್ಲ. ತಿಳಿಯತೊಡಗಿದ ಮೇಲೆ ಅತ್ತಳು.

ಆ ವರ್ಷವೇ 'ಆನಂದ್' ಬಂದಿತ್ತು. ನೋಡಲು ಹೋದೆವು. ಅದರಲ್ಲಿ ಲಲಿತಾ ಪವಾರ್ ಆಸ್ಪತ್ರೆಯ ಮೇಟ್ರನ್ ಡಿಸಾ. ಗದರುತ್ತ, ಗೊಣಗುತ್ತ, ಸಾಯಲಿರುವ ಹುಡುಗನನ್ನು ಮಗನನ್ನಾಗಿ ಮಾಡಿಕೊಂಡುಬಿಡುವ ಹೆಂಗಸು. ನನ್ನವಳು ಕತ್ತಲಲ್ಲಿ ಮೊಣಕೈಯಿಂದ ತಿವಿದು, "ರೀ, ನಮ್ಮ ಬಾಯಿ ನೋಡ್ರಿ" ಎಂದಳು. ಮನೆಗೆ ಬರುವ ತನಕ ಬೇರೆ ಮಾತಾಡಲಿಲ್ಲ. ಆ ಮಳೆಗಾಲ ಅವಳಿಗೆ ಜ್ವರ ಬಂದು ಎಂಟು ದಿನ ಮಲಗಿದಾಗ, ನಾನು ಕಚೇರಿಗೆ ಹೋದ ಹೊತ್ತಿನಲ್ಲಿ ಗಂಜಿ ಕಾಯಿಸಿ ತಂದು, ಕುಡಿಯುವ ತನಕ ತಲೆಯ ಹತ್ತಿರ ನಿಂತು ಬೈದವರು ಅದೇ ಮನೆಯೊಡತಿ. ಸಿನಿಮಾ ನೋಡಿರದಿದ್ದರೆ ಆ ಬೈಗುಳದ ಹಿಂದೆ ಏನಿದೆಯೆಂದು ತನಗೆ ತಿಳಿಯುತ್ತಲೇ ಇರಲಿಲ್ಲ ಎಂದು ನನ್ನವಳು ಕೊನೆಯ ತನಕ ಹೇಳುತ್ತಿದ್ದಳು.

ಮೇಟ್ರನ್ ಡಿಸಾ ಹುಟ್ಟಿದ್ದು ಅದಕ್ಕೂ ಮೊದಲಿನ ಇನ್ನೊಬ್ಬ ಡಿಸಾಳಿಂದ. ಅದೇ ಹೃಷೀಕೇಶ ಮುಖರ್ಜಿಯವರು 1959ರಲ್ಲಿ ನಿರ್ದೇಶಿಸಿದ 'ಅನಾಡಿ'ಯಲ್ಲಿ ಲಲಿತಾ ಪವಾರ್ ಮಿಸೆಸ್ ಡಿಸಾ. ಮುಗ್ಧ ಹುಡುಗನಾದ ರಾಜ್ ಕಪೂರ್ ಬಾಡಿಗೆಗಿರುವ ಮನೆಯ ಒಡತಿ. ಬಾಯಿ ಕಟುಕು, ಕರುಳು ತಾಯಿಯದು. ವಿಷವಾದ ಔಷಧಿ ಕುಡಿದು ಅವಳು ಸಾಯುತ್ತಾಳೆ. ಕೊಲೆಯ ಆರೋಪ ಹುಡುಗನ ಮೇಲೆ ಬರುತ್ತದೆ. ಈ ಪಾತ್ರಕ್ಕೆ ಆಕೆಗೆ ಫಿಲಂಫೇರ್ ಪತ್ರಿಕೆಯ ಶ್ರೇಷ್ಠ ಪೋಷಕ ನಟಿ ಪ್ರಶಸ್ತಿ ಬಂತು. 1961ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಮನ್ನಣೆಯೂ ದೊರೆಯಿತು. ನಾಲ್ಕು ವರ್ಷ ಹಿಂದೆ 'ಶ್ರೀ 420'ರಲ್ಲಿ ಪರಊರಿನಿಂದ ಮುಂಬಯಿಗೆ ಬಂದ ಅದೇ ರಾಜ್ ಕಪೂರರನ್ನು ಬೀದಿಬದಿಯಲ್ಲಿ ಕೈಹಿಡಿದವಳು ಬಾಳೆಹಣ್ಣು ಮಾರುವ ಗಂಗಾಮಾಯಿ. ಅವಳೂ ಈಕೆಯೇ. ಊರು ಬಿಟ್ಟು ಬಂದವನಿಗೆ ಈ ನಗರದಲ್ಲಿ ಮೊದಲು ಎದುರಾಗುವ ಹಿರಿಯ ಹೆಂಗಸು ಹೇಗಿರುತ್ತಾಳೆ? ಹಣ್ಣು ಮಾರುವವಳಾಗಿ, ಬಾಡಿಗೆ ವಸೂಲು ಮಾಡುವವಳಾಗಿ, ಆಸ್ಪತ್ರೆಯ ದಾದಿಯಾಗಿ ಇರುತ್ತಾಳೆ. ಖಾನಾವಳಿಯಲ್ಲಿ ಉಂಡು, ಹೋಟೆಲಿನ ಮಾಳಿಗೆಯಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಇವಳ ಮೇಲೆ ಅಷ್ಟು ಮಮತೆ ಹುಟ್ಟಿದ್ದು ಆಶ್ಚರ್ಯವಲ್ಲ. ಊರಿನಲ್ಲಿ ಬಿಟ್ಟುಬಂದ ಬೈಯುವ ಹಿರಿಯಳು ಅವರಿಗೆ ಎರಡಾಣೆಯ ಟಿಕೀಟಿಗೆ ಸಿಗುತ್ತಿದ್ದಳು.

ಇಂಥ ಮಮತೆ ನಮ್ಮಲ್ಲಿ ಮಾತ್ರವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನವರಿಗೆ ಮಾರ್ಗರೆಟ್ ರುದರ್‌ಫೋರ್ಡ್ ಎಂಬ ನಟಿಯ ಮೇಲೆ ಇದ್ದದ್ದೂ ಇದೇ ಬಗೆಯದು. 1892ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆಯನ್ನು ಎಳೆಗೂಸಾಗಿದ್ದಾಗಲೇ ತಂದೆತಾಯಿಗಳು ಮದರಾಸಿಗೆ ಕರೆತಂದಿದ್ದರು. ತಾಯಿ ಅಲ್ಲಿಯೇ ದುರ್ಮರಣಕ್ಕೀಡಾದರು. ಮೂರು ವರ್ಷದ ಮಗು ತಾಯಿಯ ಸೋದರಿಯ ಆಶ್ರಯಕ್ಕಾಗಿ ಇಂಗ್ಲೆಂಡಿಗೆ ಮರಳಿತು. ಪಿಯಾನೋ ಪಾಠ ಹೇಳಿ ಜೀವಿಸುತ್ತಿದ್ದ ಈಕೆ ರಂಗಭೂಮಿಗೆ ಬಂದದ್ದು ಮೂವತ್ತಮೂರರ ವಯಸ್ಸಿನಲ್ಲಿ. ಇಳಿಬಿದ್ದ ಗದ್ದ, ದಪ್ಪ ಮೈ, ಹಾರಾಡುವ ಮೇಲಂಗಿ. ಯಾವ ಲೆಕ್ಕದಲ್ಲೂ ನಾಯಕಿಯಲ್ಲ. ಆದರೆ 1945ರ 'ಬ್ಲೈದ್ ಸ್ಪಿರಿಟ್' ಚಿತ್ರದಲ್ಲಿ ಪ್ರೇತಗಳನ್ನು ಕರೆಯುವ ಮದಾಂ ಆರ್ಕಾಟಿಯಾಗಿ ಆಕೆ ಬಂದಾಗ ಉಳಿದವರನ್ನು ನೋಡುವವರೇ ಇಲ್ಲವಾದರು. ಅರವತ್ತೊಂಬತ್ತರ ಸುಮಾರಿನಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಮುದುಕಿ ಮಿಸ್ ಮಾರ್ಪಲ್ ಆದರು. 1961ರಿಂದ 1964ರ ವರೆಗೆ ನಾಲ್ಕು ಚಿತ್ರಗಳು. ಕ್ರಿಸ್ಟಿಗೆ ಆ ಚಿತ್ರಗಳು ಅಷ್ಟಾಗಿ ಹಿಡಿಸಲಿಲ್ಲ. ಆದರೂ 1962ರ ತನ್ನ ಕಾದಂಬರಿಯೊಂದನ್ನು ಅವರು ಈ ನಟಿಗೇ ಅರ್ಪಿಸಿದರು. 1963ರ 'ದಿ ವಿ.ಐ.ಪಿ.ಸ್' ಚಿತ್ರಕ್ಕೆ ಆಸ್ಕರ್ ಬಂತು. 1972ರಲ್ಲಿ ತೀರಿಕೊಂಡರು. ಇಂದಿಗೂ ಆಕೆಯ ಚಿತ್ರಗಳನ್ನು ಮನೆಮಂದಿಯೆಲ್ಲ ಕೂತು ನೋಡುವವರಿದ್ದಾರೆ.

ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ವ್ಯತ್ಯಾಸ ಕಾಣುತ್ತದೆ. ಇಂಗ್ಲಿಷರ ಆ ಚಿತ್ರಗಳಲ್ಲಿ ವಿಚಿತ್ರ ಸ್ವಭಾವದ ಹೆಂಗಸು ಒಂಟಿಯಾಗಿರಬಹುದು. ಸೈಕಲ್ ತುಳಿಯಬಹುದು, ಕೊಲೆ ಪತ್ತೆ ಮಾಡಬಹುದು, ಯಾರಿಗೂ ಅತ್ತೆಯಾಗಬೇಕಾಗಿಲ್ಲ. ನಮ್ಮ ಚಿತ್ರಗಳಲ್ಲಿ ಹೆಂಗಸು ಎಷ್ಟೇ ವಿಚಿತ್ರವಾಗಿದ್ದರೂ ಯಾವುದಾದರೊಂದು ಸಂಬಂಧದ ಹೆಸರಿಲ್ಲದೆ ತೆರೆಗೆ ಬರುವಂತಿಲ್ಲ. ಲಲಿತಾ ಪವಾರರಿಗೆ ಸಿಕ್ಕ ಜಾಗ ಅಡುಗೆಮನೆಯ ಹೊಸ್ತಿಲಿನಷ್ಟು. ಅಲ್ಲಿ ನಿಂತೇ ಅಷ್ಟು ಬಗೆಯ ಮನುಷ್ಯರನ್ನು ತೋರಿಸ��ದರು. ಕನ್ನಡದಲ್ಲಿ ರಮಾದೇವಿ, ಎಂ. ಎನ್. ಲಕ್ಷ್ಮೀದೇವಿ ಇವರದೂ ಇದೇ ಪಾಡು. ಗಯ್ಯಾಳಿ ಎಂದರೆ ಇವರ ಮುಖವೇ ಕಣ್ಣಿಗೆ ಕಟ್ಟುತ್ತದೆ. ನಾಯಕರ ಮೇಲೆ ಬಂದ ಪುಸ್ತಕಗಳ ಪಕ್ಕದಲ್ಲಿ ಇವರ ಮೇಲೆ ಬಂದದ್ದನ್ನು ಇಟ್ಟು ನೋಡಿದರೆ ನಾಚಿಕೆಯಾಗುತ್ತದೆ.

ಉಳಿದದ್ದನ್ನು ಬೇಗ ಹೇಳಬಹುದು. 1987ರ ಜನವರಿಯಲ್ಲಿ ರಮಾನಂದ ಸಾಗರರ 'ರಾಮಾಯಣ' ದೂರದರ್ಶನದಲ್ಲಿ ಆರಂಭವಾಯಿತು. ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾಗುತ್ತಿದ್ದುದು, ನಮ್ಮ ಸಂಘದ ಸಭೆಗಳ ಸಮಯವನ್ನೂ ಮುಂದೂಡಬೇಕಾದದ್ದು ಹಿರಿಯರಿಗೆ ನೆನಪಿರಬಹುದು. ಎಪ್ಪತ್ತರ ಹೊಸ್ತಿಲಿನಲ್ಲಿದ್ದ ಲಲಿತಾ ಪವಾರ್ ಮಂಥರೆಯಾಗಿ ಗೂನು ಬೆನ್ನು ಬಾಗಿಸಿ ಬಂದರು. ಅರಮನೆಯ ಅಷ್ಟೊಂದು ಝಗಮಗದ ನಡುವೆ ನಿಜವಾದ ಮನುಷ್ಯಳೆಂದು ಕಂಡವಳು ಅವಳು. ಕೈಕೇಯಿಯನ್ನು ಎತ್ತಿ ಆಡಿಸಿದ ದಾದಿಯ ಮೋಹವೇ ವಿಷವಾಗುವುದನ್ನು ಆಕೆ ತೋರಿಸಿದರು. 2020ರಲ್ಲಿ ಎಲ್ಲರೂ ಮನೆಯೊಳಗೆ ಬಂದಿಗಳಾಗಿದ್ದಾಗ ಅದೇ ಧಾರಾವಾಹಿ ಮತ್ತೆ ಬಂತು. ಮೊಮ್ಮಗಳ ಪೀಳಿಗೆ ಆಕೆಯನ್ನು ಮೊದಲು ಕಂಡದ್ದು ಆಗ. ಆದರೆ ಆಕೆ 1998ರ ಫೆಬ್ರವರಿ 24ರಂದೇ ಪುಣೆಯಲ್ಲಿ ತೀರಿಕೊಂಡಿದ್ದರು. ಅಭಿನಯಿಸಿದ ಚಿತ್ರಗಳು ಏಳುನೂರು ಎನ್ನುತ್ತಾರೆ.

'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂಬ ಗಾದೆಯನ್ನು ನನ್ನವಳು ಆಗಾಗ ಹೇಳುತ್ತಿದ್ದಳು. ಅವಳೂ ಮುಂದೆ ಅತ್ತೆಯಾದಳು. ಸೊಸೆಯ ಮೇಲೆ ದನಿ ಏರಿದಾಗ ತಾನೇ ಎಡಗಣ್ಣು ಕಿರಿದು ಮಾಡಿ ನಕ್ಕುಬಿಡುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಯೇವಲೆಯ ಅಂಗಡಿಯಲ್ಲಿ ಆ ವೃದ್ಧರು ಕಣ್ಣು ಓರೆ ಮಾಡಿದಾಗ ಎಲ್ಲರೊಡನೆ ನಾನೂ ನಕ್ಕೆ. ಆಮೇಲೆ ಹೊರಗೆ ಬಂದು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದೆ.

ಸಟಾಣಾ ಬಿಡುವ ಹಿಂದಿನ ರಾತ್ರಿ ಮೊಮ್ಮಗಳೊಡನೆ 'ಅನಾಡಿ' ನೋಡಿದೆ. ಮಿಸೆಸ್ ಡಿಸಾ ಸಾಯುವ ಹೊತ್ತಿಗೆ ಹುಡುಗಿ ಎದ್ದು ನೀರು ಕುಡಿಯಲು ಹೋದಳು, ಬೇಗ ಬರಲಿಲ್ಲ. ನಾನು ಮುಂಬಯಿಗೆ ಮರಳಿದ ವಾರದಲ್ಲಿ ಫೋನು ಮಾಡಿ, "ಅಜ್ಜಾ, 'ಪ್ರೊಫೆಸರ್' ಸಿಕ್ಕೈತಿ. ಆದರ ನೀ ಬರೋ ತನಕ ನೋಡೂದಿಲ್ಲ" ಎಂದಳು. ಸಂಕ್ರಾಂತಿಗೆ ಹೋಗಬೇಕೆಂದಿದ್ದೇನೆ.